ಒಂದೋ, ಎರಡೋ, ನಾಲ್ಕೂನೋ?

ನಮಸ್ಕಾರ. ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಈ ಕಾಟ ಗೊತ್ತು. ಎಂಜಿನ್ ಚೆನ್ನಾಗಿ ಓಡುತ್ತಾ ಇರುತ್ತದೆ, ನಡುವೆ ಒಂದು ಏಟು ತಪ್ಪುತ್ತದೆ, ಗಾಡಿ ಜಗ್ಗುತ್ತದೆ, ಸೈಲೆನ್ಸರಿನಿಂದ ಪುಟ್ ಅಂತ ಸದ್ದು ಬರುತ್ತದೆ. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಮಿಸ್ಸಿಂಗ್ ಹೊಡೆಯುತ್ತಿದೆ. ಆಗ ನೀವು ಏನು ಮಾಡುತ್ತೀರಿ? ಕಿಡಿ ಹಾರಿಸುವ ಪ್ಲಗ್ ಹೊಸದು ಹಾಕಿಸುತ್ತೀರಿ. ಸರಿಹೋಗಲಿಲ್ಲ ಅಂದರೆ ಆ ಕಿಡಿಗೆ ಕರೆಂಟು ಕೊಡುವ ಕಾಯಿಲ್. ಆಮೇಲೆ ಪಾಪ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಸರದಿ. ದಯವಿಟ್ಟು ಹಾಗೆ ಮಾಡಬೇಡಿ. ಸ್ಪ್ಯಾನರ್ ಹಿಡಿಯುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ. ಕೆಲಸ ತಪ್ಪಿಸುತ್ತಿರುವುದು ಒಂದು ಸಿಲಿಂಡರೋ, ಎರಡೋ, ನಾಲ್ಕೂನೋ?

ನನಗೆ ತುಂಬಾ ಇಷ್ಟವಾದ ಕಾರನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಎಂಜಿಬಿ. ಎರಡು ಸೀಟಿನ, ಟಾಪು ತೆಗೆಯಬಹುದಾದ ಕಾರು. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾಯಿತು. ನಾಲ್ಕು ಸಿಲಿಂಡರ್, 1798 ಸಿಸಿ. ಬಿ ಸೀರೀಸ್ ಅನ್ನುವ ಎಂಜಿನ್ ಕುಟುಂಬ. ನಮ್ಮ ಅಂಬಾಸಿಡರ್‌ನಲ್ಲಿ ವರ್ಷಗಟ್ಟಲೆ ಇದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಕುಟುಂಬದ್ದು. ಹಾಗಾಗಿ ಅಂಬಾಸಿಡರ್ ಬಿಚ್ಚಿ ಕೈ ಪಳಗಿದ ಮೇಸ್ತ್ರಿ ಎಂಜಿಬಿ ಬಾನೆಟ್ ಎತ್ತಿದರೆ ಹೆದರಬೇಕಾಗಿಲ್ಲ, ಅಲ್ಲಿರುವುದು ನೆಂಟರ ಮುಖವೇ.

ಸರಿ, ಆ ಪ್ರಶ್ನೆಗೆ ಉತ್ತರ ಹುಡುಕುವುದು ಹೇಗೆ? ಎಂಜಿನ್ ಐಡ್ಲಿಂಗ್‌ನಲ್ಲಿ ಬಿಡಿ. ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ಗಿನ ವೈರ್ ಎಳೆದು, ವೈರಿನ ತುದಿಯನ್ನು ಎಂಜಿನ್ ಬ್ಲಾಕಿಗೆ ತಾಗಿಸಿ ಹಿಡಿಯಿರಿ. ಎಂಜಿನ್ ಸುಸ್ತಾಗಿ ತೂರಾಡಿತಾ? ಆ ಸಿಲಿಂಡರ್ ದುಡಿಯುತ್ತಿತ್ತು ಅಂತ ಅರ್ಥ. ಏನೂ ವ್ಯತ್ಯಾಸ ಆಗಲಿಲ್ಲವಾ? ಅದೇ ಸೋಮಾರಿ. ಇದು ಪಾಯಿಂಟ್, ಅಂದರೆ ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು, ಇರುವ ಹಳೇ ಗಾಡಿಗೆ ಮಾತ್ರ, ಹೊಸ ಗಾಡಿಯಲ್ಲಿ ಮಾಡಬೇಡಿ.

ಒಂದೇ ಸಿಲಿಂಡರ್ ಸತ್ತಿದ್ದರೆ ಅದಕ್ಕೆ ಮಾತ್ರ ಸೇರಿದ್ದನ್ನು ನೋಡಿ. ಅದರ ಪ್ಲಗ್, ಅದರ ವೈರ್, ಅದರ ವಾಲ್ವ್. ಎಂಜಿಬಿಯಲ್ಲಿ ಎರಡು ಎಸ್‌ಯು ಕಾರ್ಬುರೇಟರ್ ಇವೆ. ಮುಂದಿನದು ಒಂದು ಮತ್ತು ಎರಡನೇ ಸಿಲಿಂಡರಿಗೆ, ಹಿಂದಿನದು ಮೂರು ಮತ್ತು ನಾಲ್ಕಕ್ಕೆ ಉಣಿಸುತ್ತದೆ. ಒಂದು ಜೋಡಿ ಒಟ್ಟಿಗೆ ಮುಷ್ಕರ ಹೂಡಿದರೆ ಆ ಜೋಡಿಯ ಕಾರ್ಬುರೇಟರಿನ ಕಡೆ ನೋಡಿ. ನಾಲ್ಕೂ ತಪ್ಪುತ್ತಿದ್ದರೆ, ಕೇಳಿಸಿಕೊಳ್ಳಿ, ಪ್ಲಗ್ ಬದಲಾಯಿಸಿ ಏನು ಪ್ರಯೋಜನ? ನಾಲ್ಕು ಪ್ಲಗ್ ಒಂದೇ ದಿನ ಕೆಡುತ್ತವಾ? ನಾಲ್ಕಕ್ಕೂ ಸೇರಿದ ವಸ್ತುವನ್ನು ಹಿಡಿಯಬೇಕು. ಪಾಯಿಂಟ್, ಅದು ಸುಡದಂತೆ ಕಾಯುವ ಕಂಡೆನ್ಸರ್, ಸುತ್ತುತ್ತಾ ಒಂದೊಂದೇ ಪ್ಲಗ್ಗಿಗೆ ಕರೆಂಟು ಹಂಚುವ ರೋಟರ್, ಕಾಯಿಲ್.

ಇದಕ್ಕೆ ಒಂದು ಘಟನೆ ಹೇಳಲೇಬೇಕು. ನನ್ನ ಗೆಳೆಯರೊಬ್ಬರ ಹತ್ತಿರ 1966ರ ಎಂಜಿಬಿ ಇದೆ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಹೊರಡುತ್ತಾರೆ. ಮನೆ ಮುಂದೆ ಐಡ್ಲಿಂಗ್ ಬೆಣ್ಣೆ ಹಾಗೆ. ಆದರೆ ದೇವನಹಳ್ಳಿ ರಸ್ತೆಯಲ್ಲಿ ಅರವತ್ತು ಎಪ್ಪತ್ತರಲ್ಲಿ ಹಾಯಾಗಿ ಹೋಗುವಾಗ ಗಾಡಿ ಕುಂಟಲು ಶುರು. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಮತ್ತೆ ಸರಿ! ಕಾಲು ಸ್ವಲ್ಪ ಸಡಿಲಿಸಿದರೆ ಮತ್ತೆ ಕುಂಟು. ಒಂದು ಗ್ಯಾರೇಜಿನಲ್ಲಿ ಪ್ಲಗ್, ವೈರ್, ಕಾಯಿಲ್ ಎಲ್ಲ ಹೊಸದು ಹಾಕಿದರು. ಇನ್ನೊಂದು ಕಡೆ ಎರಡೂ ಕಾರ್ಬುರೇಟರ್ ಬಿಚ್ಚಿ ತೊಳೆದು ಕೂರಿಸಿದರು. ಮೂರು ತಿಂಗಳು ಹೋಯಿತು. ಅಷ್ಟು ದುಡ್ಡು ಸುರಿದರೂ ಗಾಡಿ ಅದೇ ಜಾಗದಲ್ಲಿ ಕುಂಟುತ್ತಿತ್ತು. ಆ ಕಾರನ್ನು ಮಾರಿಬಿಡುತ್ತೇನೆ ಅಂದಾಗ ನನಗೆ ನಿಜವಾಗಿಯೂ ಸಂಕಟ ಆಯಿತು.

ನಾನು ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿಬಂದೆ. ಒಂದು ಸಿಲಿಂಡರ್ ಸತ್ತರೆ ತಾಳ ಒಂದೇ ಥರ ತಪ್ಪುತ್ತದೆ, ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಇಲ್ಲಿ ತಾಳವೇ ಇಲ್ಲ, ಮನಸ್ಸಿಗೆ ಬಂದಂತೆ ತಪ್ಪುತ್ತಿತ್ತು. ಅಂದರೆ ನಾಲ್ಕೂ! ಹಾಗಾದರೆ ನಾಲ್ಕಕ್ಕೂ ಸೇರಿದ ಯಾವುದು ಐಡ್ಲಿಂಗ್‌ನಲ್ಲಿ ಒಂದು ಥರ, ಫುಲ್ ಆಕ್ಸಿಲರೇಟರ್‌ನಲ್ಲಿ ಅದೇ ಥರ, ನಡುವೆ ಮಾತ್ರ ಬೇರೆ ಥರ ಇರುತ್ತದೆ? ಪಾಯಿಂಟ್, ರೋಟರ್ ಎಲ್ಲ ಕೂತಿರುವ ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೆ ಒಂದು ಪುಟ್ಟ ಡಬ್ಬಿ ಇದೆ, ವ್ಯಾಕ್ಯೂಮ್ ಅಡ್ವಾನ್ಸ್. ಎಂಜಿನ್ ಗಾಳಿ ಹೀರುವ ಎಳೆತದಿಂದ ಕಿಡಿಯನ್ನು ಸ್ವಲ್ಪ ಮುಂಚೆ ಹಾರಿಸುವುದು ಇದರ ಕೆಲಸ. ಅದಕ್ಕೆ ಕಾರ್ಬುರೇಟರಿನಿಂದ ಸಣ್ಣ ಪೈಪು ಬರುತ್ತದೆ. ಆ ಕಾರಿನಲ್ಲಿ ಐಡ್ಲಿಂಗ್‌ನಲ್ಲಿ ಅದಕ್ಕೆ ಎಳೆತ ಇಲ್ಲ, ಪೂರ್ತಿ ಒತ್ತಿದಾಗಲೂ ಇಲ್ಲ. ಹಾಯಾಗಿ ಹೋಗುವಾಗ ಮಾತ್ರ ಎಳೆಯುತ್ತದೆ, ಎಳೆದಾಗ ಒಳಗೆ ಪಾಯಿಂಟ್ ಕೂತಿರುವ ತಟ್ಟೆ ಸ್ವಲ್ಪ ತಿರುಗುತ್ತದೆ. ರಸ್ತೆ ಪಕ್ಕ ನಿಲ್ಲಿಸಿ ಆ ಪೈಪು ಕಿತ್ತು, ಕಾರ್ಬುರೇಟರ್ ಕಡೆಯ ತೂತು ಮುಚ್ಚಿದೆ. ಮತ್ತೆ ಹೊರಟೆವು. ಕುಂಟು ಮಾಯ!

ಮನೆಗೆ ಬಂದು ಕ್ಯಾಪ್ ತೆಗೆದು ನೋಡಿದರೆ, ಆ ತಟ್ಟೆಯಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಹೋಗುವ ಗೇಣುದ್ದವೂ ಇಲ್ಲದ ಅರ್ತಿಂಗ್ ವೈರ್, ಪಾಯಿಂಟಿನ ಕರೆಂಟು ಹೋಗುವ ದಾರಿ. ಹೊರಗಿನ ಬಟ್ಟೆ ಚೆನ್ನಾಗಿದೆ, ಒಳಗೆ ತಾಮ್ರದ ಎಳೆಗಳೆಲ್ಲ ತುಂಡು. ತಟ್ಟೆ ತಿರುಗಿದಾಗ ತುಂಡು ತುದಿಗಳು ದೂರ ಆಗುತ್ತಿದ್ದವು, ವಾಪಸ್ ಬಂದಾಗ ಮತ್ತೆ ತಾಗುತ್ತಿದ್ದವು. ಅಷ್ಟೇ ಕಾಯಿಲೆ. ಮೆತ್ತನೆಯ ಹೆಣೆದ ವೈರ್ ಬೆಸುಗೆ ಹಾಕಿದೆ, ಗಟ್ಟಿ ವೈರ್ ಹಾಕಿದ್ದರೆ ತಟ್ಟೆ ತಿರುಗುತ್ತಿರಲಿಲ್ಲ. ಖರ್ಚು ಒಂದು ಕಾಫಿಯಷ್ಟೂ ಇಲ್ಲ. ಆ ಗ್ಯಾರೇಜಿನವರಿಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಒಂದೋ, ಎರಡೋ, ನಾಲ್ಕೂನೋ ಅಂತ ಯಾರೂ ಕೇಳಿರಲಿಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. 3000 ಆರ್‌ಪಿಎಂನಲ್ಲಿ ಈ ಪಾಯಿಂಟ್ ನಿಮಿಷಕ್ಕೆ 6000 ಸಲ ತೆರೆದು ಮುಚ್ಚುತ್ತದೆ, ಸವೆಯುತ್ತದೆ, ಗ್ಯಾಪ್ ನೋಡಿ. ಆಗಿನ ಎಂಜಿಬಿಗೆ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್, ಪ್ಲಗ್ ಗ್ಯಾಪ್ 0.64 ಸಾಕು. ಪಾಯಿಂಟ್ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಪ್ಲಗ್ಗಿನ ವೈರ್ ತೆಗೆದು ಹಾಕುವಾಗ ಕ್ರಮ ಒಂದು, ಮೂರು, ನಾಲ್ಕು, ಎರಡು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಎಕ್ಸಾಸ್ಟ್ ಮೇಲೆ ನೀರು ಚಿಮುಕಿಸಿ ತಣ್ಣಗಿರುವ ಸಿಲಿಂಡರ್ ಹುಡುಕುವವರಿದ್ದಾರೆ. ಈ ಎಂಜಿನ್‌ನಲ್ಲಿ ಎರಡು ಮತ್ತು ಮೂರಕ್ಕೆ ಹೊಗೆ ಹೋಗುವ ದಾರಿ ಒಂದೇ, ಮೋಸ ಹೋಗುತ್ತೀರಿ.

ಕರೆಂಟೂ ಸರಿ, ಪೆಟ್ರೋಲೂ ಸರಿ ಅಂದರೆ ಮಾತ್ರ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿ. ಅಕ್ಕಪಕ್ಕದ ಎರಡು ಸಿಲಿಂಡರಿನಲ್ಲಿ ಕಮ್ಮಿ ಬಂದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್, ಅಂದರೆ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಹಾಳೆ, ಹೋಗಿರಬಹುದು. ಒಂದರಲ್ಲಿ ಮಾತ್ರ ಕಮ್ಮಿ ಇದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ತೊಂದರೆ ಪಿಸ್ಟನ್ ರಿಂಗಿನದು, ಏರದಿದ್ದರೆ ವಾಲ್ವಿನದು. ಅಳೆಯುವ ಮೊದಲು ವಾಲ್ವಿನ ಮೇಲೆ ಬಿಡುವ ಟ್ಯಾಪೆಟ್ ಗ್ಯಾಪ್ ಸರಿ ಇದೆಯಾ ನೋಡಿ, ಬಿಚ್ಚಿದ ನಾಲ್ಕು ಪ್ಲಗ್ಗನ್ನೂ ಸಿಲಿಂಡರ್ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ. ನಮಸ್ಕಾರ.