ಬದುಕಿನ ಅರ್ಥ: ಪ್ರಶ್ನೆ ಒಂದೇ ಅಲ್ಲ

ಕೇಳುಗರಿಗೆ ನಮಸ್ಕಾರ.

"ಈ ಬದುಕಿಗೆ ಏನರ್ಥ?" ಎನ್ನುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿರುವುದಿಲ್ಲ. ಒಬ್ಬರಿಗೆ ಸಾವಿನ ಭಯ. ಇನ್ನೊಬ್ಬರಿಗೆ ಎಂದೋ ಮಾಡಿದ ತಪ್ಪು ಒಳಗೇ ಕೊರೆಯುತ್ತಿದೆ. ಮತ್ತೊಬ್ಬರಿಗೆ ಇವೆರಡೂ ಇಲ್ಲ, ಆದರೆ ಬೆಳಗ್ಗೆ ಏಳುವುದಕ್ಕೆ ಕಾರಣವೇ ಕಾಣುತ್ತಿಲ್ಲ. ಇಪ್ಪತ್ತನೆಯ ಶತಮಾನದ ಕ್ರೈಸ್ತ ದೈವಶಾಸ್ತ್ರದಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ತೋರಿಸಿದವರು ಪೌಲ್ ಟಿಲಿಕ್. 1886ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು ಮೊದಲ ಮಹಾಯುದ್ಧದಲ್ಲಿ ಸೇನೆಯ ಪಾದ್ರಿಯಾಗಿದ್ದರು. 1933ರಲ್ಲಿ ನಾಜಿ ಸರ್ಕಾರ ಕೆಲಸದಿಂದ ತೆಗೆದ ಮೇಲೆ ನ್ಯೂಯಾರ್ಕಿಗೆ ಹೋಗಿ ನೆಲೆಸಿದರು.

ಮನುಷ್ಯನ ಮೂಲಭೂತ ಆತಂಕಗಳು ಮೂರು ಎಂದು 1952ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಟಿಲಿಕ್ ಹೇಳಿದರು. ಮೊದಲನೆಯದು ವಿಧಿ ಮತ್ತು ಸಾವಿನದು. ಎರಡನೆಯದು ಅಪರಾಧಪ್ರಜ್ಞೆ ಮತ್ತು ದಂಡನೆಯದು. ಮೂರನೆಯದು ಖಾಲಿತನ ಮತ್ತು ಅರ್ಥಹೀನತೆಯದು. ಮೂರೂ ಎಲ್ಲರಲ್ಲೂ ಬೆರೆತೇ ಇರುತ್ತವೆ, ಆದರೆ ಕಾಲಕ್ಕೆ ತಕ್ಕಂತೆ ಒಂದು ಮುಂದೆ ಬರುತ್ತದೆ. ಪ್ರಾಚೀನ ಯುಗದ ಕೊನೆಯಲ್ಲಿ ಸಾವು, ಮಧ್ಯಯುಗದ ಕೊನೆಯಲ್ಲಿ ಪಾಪದ ಭಯ, ನಮ್ಮ ಕಾಲದಲ್ಲಿ ಅರ್ಥಹೀನತೆ.

ಈ ವಿಂಗಡಣೆಯ ಉಪಯೋಗ ತಿಳಿಯಬೇಕಾದರೆ ಎಡವಟ್ಟು ಎಲ್ಲಾಗುತ್ತದೆ ಎಂದು ನೋಡಬೇಕು. ಪ್ರಸಂಗ ಎಂದು ಕರೆಯುವ ಉಪದೇಶ, ಪಾಪನಿವೇದನೆ, ಕ್ಷಮೆಯ ಭರವಸೆ ಮುಂತಾಗಿ ಕ್ರೈಸ್ತ ಸಭೆಗಳ, ಅಂದರೆ ಚರ್ಚುಗಳ, ಬಹುಪಾಲು ಮಾತು ರೂಪುಗೊಂಡಿದ್ದು ಎರಡನೆಯ ಆತಂಕಕ್ಕೆ ಉತ್ತರವಾಗಿ. ಖಾಲಿತನದಲ್ಲಿ ನರಳುವವರಿಗೆ "ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ" ಎಂದರೆ, ಅವರು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತಾಗುತ್ತದೆ. ಮಾತು ಸುಳ್ಳಲ್ಲ, ಆದರೂ ತಾಗುವುದಿಲ್ಲ. ಇದರ ತಿರುವುಮುರುವೂ ಉಂಟು. ಒಬ್ಬರಿಗೆ ಮಾಡಿದ ಅನ್ಯಾಯ ಸುಡುತ್ತಿರುವಾಗ "ಏನಾದರೂ ಹೊಸ ಹವ್ಯಾಸ ಬೆಳೆಸಿಕೊಳ್ಳಿ" ಎಂದು ಹೇಳುವುದು ಕ್ರೌರ್ಯವೇ ಸರಿ. ಅಂಥವರಿಗೆ ಬೇಕಾದ ಮಾತನ್ನು ಟಿಲಿಕ್ ಒಂದು ಪ್ರಸಂಗದಲ್ಲಿ ಹೇಳಿದ್ದಾರೆ: ನೀನು ಈಗಾಗಲೇ ಅಂಗೀಕೃತನಾಗಿದ್ದೀ, ಆ ಅಂಗೀಕಾರವನ್ನು ಸುಮ್ಮನೆ ಒಪ್ಪಿಕೋ.

ಮೂರನೆಯ ಆತಂಕದ ಒಳಗೂ ಎರಡು ಹಂತಗಳಿವೆ. ನಂಬಿದ್ದ ಒಂದು ವಿಷಯ ಕುಸಿದುಬಿದ್ದಾಗ ಆಗುವುದು ಖಾಲಿತನ. ಉದ್ಯೋಗ, ಸಂಬಂಧ, ರಾಜಕೀಯ ಆದರ್ಶ, ಯಾವುದೂ ಆಗಬಹುದು. ಎಲ್ಲ ಅರ್ಥಗಳಿಗೂ ಅರ್ಥ ಕೊಡುತ್ತಿದ್ದ ಆ ಕಟ್ಟಕಡೆಯ ಕಾಳಜಿಯೇ ಹೋದಾಗ ಆಗುವುದು ಅರ್ಥಹೀನತೆ. ಯಾವ ಹಂತ ಎಂದು ತಿಳಿಯಲು ಸರಳ ದಾರಿಯೊಂದಿದೆ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯಿರಿ. ಕಳೆದುಕೊಂಡದ್ದು ನಾಳೆಯೇ ಮರಳಿ ಸಿಕ್ಕರೆ ಆ ವಾಕ್ಯ ಉಳಿಯುತ್ತದೆಯೇ, ಅಳಿಯುತ್ತದೆಯೇ? ಅಳಿಯುವುದಾದರೆ ಅದು ಖಾಲಿತನ. ಅದಕ್ಕೆ ದೈವಶಾಸ್ತ್ರಕ್ಕಿಂತ ಮೊದಲು ಸಮಯ ಬೇಕು, ಜನ ಬೇಕು. ಉಳಿಯುವುದಾದರೆ ಪ್ರಶ್ನೆ ಆಳದ್ದು.

ಇಲ್ಲೇ ಒಂದು ಎಚ್ಚರಿಕೆ. ಎಲ್ಲ ಆತಂಕವೂ ಧರ್ಮದ ವಿಷಯವಲ್ಲ. ಕಾಯಿಲೆಯ ರೂಪದ ಆತಂಕ ವೈದ್ಯರ ಕ್ಷೇತ್ರ, ಮನುಷ್ಯನಾಗಿ ಹುಟ್ಟಿದ್ದರಿಂದಲೇ ಬರುವ ಆತಂಕ ಪಾದ್ರಿಯ ಕ್ಷೇತ್ರ, ಒಬ್ಬರು ಇನ್ನೊಬ್ಬರ ಜಾಗಕ್ಕೆ ನುಗ್ಗಬಾರದು ಎಂಬುದು ಟಿಲಿಕ್ ಹಾಕಿದ ಗೆರೆ. ನಿದ್ದೆ ಊಟಗಳೇ ತಪ್ಪಿಹೋದವರಿಗೆ, ಸಾಯುವ ಯೋಚನೆ ಬರುತ್ತಿರುವವರಿಗೆ ಮೊದಲು ಬೇಕಾದದ್ದು ವೈದ್ಯರು. ಪುಸ್ತಕ ಆಮೇಲೆ.

ಆಳದ ಸಂದೇಹದಿಂದ ತಪ್ಪಿಸಿಕೊಳ್ಳಲು ಜನ ಹಿಡಿಯುವ ಅಡ್ಡದಾರಿಯನ್ನೂ ಟಿಲಿಕ್ ಗುರುತಿಸಿದರು. ಪ್ರಶ್ನೆ ಕೇಳುವ ಸ್ವಾತಂತ್ರ್ಯವನ್ನೇ ಯಾವುದಾದರೂ ಅಧಿಕಾರಕ್ಕೆ ಒಪ್ಪಿಸಿಬಿಡುವುದು ಆ ದಾರಿ. ನೆಮ್ಮದಿ ಸಿಗುತ್ತದೆ, ಆದರೆ ಅದರ ಬೆಲೆ ಮತಾಂಧತೆ. ಒಪ್ಪದವರ ಮೇಲೆ ಅಳತೆ ಮೀರಿ ಹರಿಹಾಯುವವನ ಸಿಟ್ಟು ಅವನೊಳಗೇ ಅದುಮಿಟ್ಟ ಸಂದೇಹದ ಗುರುತು. ಅವರ ಇಡೀ ವಿಶ್ಲೇಷಣೆಯಲ್ಲಿ ಇಂದಿಗೂ ಹರಿತವಾಗಿ ಉಳಿದ ಭಾಗ ಇದೇ.

ಹಾಗಾದರೆ ಉತ್ತರ? ಸಂದೇಹವನ್ನು ಗಂಭೀರವಾಗಿ ಹೊರುವುದೇ ನಂಬಿಕೆಯ ಒಂದು ರೂಪ, ಅರ್ಥವಿಲ್ಲವೆಂದು ನರಳುವವನೂ ಅರ್ಥಕ್ಕೆ ಅಂಟಿಕೊಂಡಿದ್ದಾನೆ ಎನ್ನುತ್ತಾರೆ ಟಿಲಿಕ್. ಸಂದೇಹದ ಆತಂಕದಲ್ಲಿ ದೇವರು ಮರೆಯಾದ ಮೇಲೆ ಕಾಣಿಸುವ ದೇವರಲ್ಲಿ ಧೈರ್ಯದ ಬೇರಿದೆ ಎಂದು ಅವರ ಉಪನ್ಯಾಸಗಳು ಮುಗಿಯುತ್ತವೆ. ಬೇರೆ ಯಾವ ಮಾತೂ ಮುಟ್ಟದವರನ್ನು ಈ ಮಾತು ಮುಟ್ಟೀತು. ಆದರೆ ಇಂಥ ದೇವರಿಗೆ ಪ್ರಾರ್ಥನೆ ಮಾಡುವುದು ಕಷ್ಟ, ಆ ಕೊರತೆ ಸಣ್ಣದಲ್ಲ.

ಅದೇ 1886ರಲ್ಲಿ ಬಾಸೆಲ್‌ನಲ್ಲಿ ಹುಟ್ಟಿದ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಹೊರಟಿದ್ದು ಇದಕ್ಕೆ ಎದುರು ದಿಕ್ಕಿನಿಂದ. 1914ರ ಅಕ್ಟೋಬರ್‌ನಲ್ಲಿ ಜರ್ಮನಿಯ 93 ಬುದ್ಧಿಜೀವಿಗಳು ಯುದ್ಧವನ್ನು ಸಮರ್ಥಿಸಿ ಹೇಳಿಕೆ ಹೊರಡಿಸಿದರು. ಸಹಿ ಹಾಕಿದವರಲ್ಲಿ ಹಾರ್ನಾಕ್, ಹೆರ್ಮನ್ ಇದ್ದರು, ಇಬ್ಬರೂ ಬಾರ್ತ್‌ಗೆ ಪಾಠ ಹೇಳಿದವರು. ಧಾರ್ಮಿಕ ಅನುಭವದ ಮೇಲೆ ಕಟ್ಟಿದ ದೈವಶಾಸ್ತ್ರ ಚಕ್ರವರ್ತಿಯ ಯುದ್ಧಕ್ಕೆ ಇಷ್ಟು ಸಲೀಸಾಗಿ ಬಗ್ಗುವುದಾದರೆ ಅಡಿಪಾಯದಲ್ಲೇ ದೋಷವಿದೆ ಎಂದು ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರ ಪಾದ್ರಿಯಾಗಿದ್ದ ಅವರಿಗೆ ಅನಿಸಿತು. ಬೈಬಲಿನಲ್ಲಿರುವ, ರೋಮಾಪುರದವರಿಗೆ ಅಪೊಸ್ತಲ ಪೌಲ ಬರೆದ ಪತ್ರಕ್ಕೆ ವ್ಯಾಖ್ಯಾನ ಬರೆದರು, 1922ರಲ್ಲಿ ಅದನ್ನು ಪೂರ್ತಿ ತಿದ್ದಿ ಮತ್ತೆ ಪ್ರಕಟಿಸಿದರು. ಅವರ ವಾದ ಇಷ್ಟು: ಮನುಷ್ಯನ ಪ್ರಶ್ನೆಯಿಂದ ಶುರುಮಾಡಿದರೆ ಉತ್ತರದ ಆಕಾರವನ್ನೂ ಪ್ರಶ್ನೆಯೇ ತೀರ್ಮಾನಿಸುತ್ತದೆ. ಮೊದಲು ದೇವರ ಮಾತು ಕೇಳಬೇಕು, ಅದು ನಮ್ಮ ಪ್ರಶ್ನೆಯನ್ನೇ ತಿದ್ದುತ್ತದೆ. ರೋಗ ಗುರುತಿಸಲು ಟಿಲಿಕ್ ಬೇಕು, ಆದರೆ ಬಾರ್ತ್ ಎತ್ತುವ ಈ ಆಕ್ಷೇಪ ಪಕ್ಕದಲ್ಲಿ ಇಲ್ಲದಿದ್ದರೆ ನಮಗೆ ಹಿತವಾದದ್ದನ್ನೇ ದೇವರು ಎಂದು ಕರೆಯುವ ಅಪಾಯ ತಪ್ಪುವುದಿಲ್ಲ.

ಇನ್ನೊಂದು ತಕರಾರು ಜೈಲಿನಿಂದ ಬಂತು. ನಾಜಿಗಳನ್ನು ವಿರೋಧಿಸಿದ ಜರ್ಮನ್ ಪಾದ್ರಿ ಡೀಟ್ರಿಚ್ ಬೋನ್‌ಹೋಫರ್ ಅವರನ್ನು 1943ರ ಏಪ್ರಿಲ್ 5ರಂದು ಬಂಧಿಸಲಾಯಿತು. 1944ರ ಮೇ ತಿಂಗಳಲ್ಲಿ ಬರ್ಲಿನ್ನಿನ ಟೇಗಲ್ ಜೈಲಿನಲ್ಲಿ ಭೌತಶಾಸ್ತ್ರದ ಒಂದು ಪುಸ್ತಕ ಓದುತ್ತ ಸ್ನೇಹಿತನಿಗೆ ಪತ್ರ ಬರೆದರು. ನಮ್ಮ ಅರಿವು ಮುಗಿದಲ್ಲಿ ದೇವರನ್ನು ತುಂಬಿದರೆ, ಅರಿವು ಬೆಳೆದಂತೆಲ್ಲ ದೇವರು ಹಿಂದೆ ಸರಿಯುತ್ತಾನೆ. ದೇವರನ್ನು ಕಾಣಬೇಕಾದದ್ದು ತಿಳಿದಿರುವುದರಲ್ಲಿ, ಬಿಡಿಸಿದ ಪ್ರಶ್ನೆಗಳಲ್ಲಿ. ಈ ಮಾತನ್ನು ಅವರು ವಿಜ್ಞಾನಕ್ಕೆ ನಿಲ್ಲಿಸದೆ ಸಾವು, ನೋವು, ತಪ್ಪುಗಳಿಗೂ ಚಾಚಿದರು. ಆರೋಗ್ಯವಂತನಿಗೆ ಕಾಯಿಲೆ ಹಚ್ಚಿ ಔಷಧಿ ಮಾರುವವನಂತೆ, ಸುಖವಾಗಿರುವವನಿಗೆ "ನೀನು ಒಳಗೆ ಹತಾಶ" ಎಂದು ಮನವರಿಕೆ ಮಾಡಿ ದೇವರನ್ನು ಒಳಗೆ ತರುವ ಉಪದೇಶ ಅವರಿಗೆ ಹೇಸಿಗೆ. ಅದೇ ಬೇಸಿಗೆಯ ಪತ್ರಗಳಲ್ಲಿ ಟಿಲಿಕ್ ಹೆಸರು ಹಿಡಿದೇ ಟೀಕಿಸಿದ್ದಾರೆ. ಮೂರು ಆತಂಕಗಳ ವಿಂಗಡಣೆಯನ್ನು ಬಳಸುವವರು ಈ ಆಕ್ಷೇಪವನ್ನು ನೆನಪಿಡಬೇಕು: ಇಲ್ಲದ ಗಾಯ ಹುಡುಕಬೇಡಿ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ನಾಜಿಗಳು ಬೋನ್‌ಹೋಫರ್ ಅವರನ್ನು ಗಲ್ಲಿಗೇರಿಸಿದಾಗ ವಯಸ್ಸು 39.

ಗಾಯ ನಿಜವಾಗಿ ಇರುವಲ್ಲಿ ಏನು ಮಾಡಬೇಕು ಎಂಬುದಕ್ಕೆ ಜರ್ಮನ್ ದೈವಶಾಸ್ತ್ರಜ್ಞ ಯೂರ್ಗನ್ ಮೋಲ್ಟ್‌ಮನ್ ಅವರನ್ನು ಓದಬೇಕು. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬ್ ಸುರಿದಾಗ ಹದಿನೇಳರ ಈ ಹುಡುಗ ವಿಮಾನವಿರೋಧಿ ಪಡೆಯಲ್ಲಿದ್ದ. ಪಕ್ಕದಲ್ಲಿದ್ದ ಗೆಳೆಯ ಸತ್ತ, ಇವನು ಉಳಿದ. ಯುದ್ಧಕೈದಿಯಾಗಿ ಸ್ಕಾಟ್ಲೆಂಡಿನ ಶಿಬಿರದಲ್ಲಿದ್ದಾಗ ಕೈಗೆ ಬಂದ ಬೈಬಲಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು 39ನೆಯ ಕೀರ್ತನೆಯ ಪ್ರಲಾಪ, ಆಮೇಲೆ ಮಾರ್ಕನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿನ ಯೇಸುವಿನ ಕೂಗು: ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ? ನೋವಿಗೆ ವಿವರಣೆ ಅಲ್ಲಿಲ್ಲ, ನೋವಿನೊಳಗೆ ಜೊತೆಗಾರನಿದ್ದಾನೆ. 1964ರ ತಮ್ಮ ಗ್ರಂಥದಲ್ಲಿ ಭರವಸೆ ಕೆಡುವ ಎರಡು ಬಗೆಗಳನ್ನು ಅವರು ಹೇಳಿದರು. ಈಡೇರಿಯೇ ಹೋಯಿತೆಂದು ಅವಸರದಲ್ಲಿ ಭಾವಿಸುವುದು ದುಡುಕು, ಈಡೇರುವುದೇ ಇಲ್ಲವೆಂದು ಅಷ್ಟೇ ಅವಸರದಲ್ಲಿ ತೀರ್ಮಾನಿಸುವುದು ಹತಾಶೆ. ಎರಡೂ ಕಾಯಲು ಒಲ್ಲವು.

"ಎಲ್ಲ ದೇವರ ಯೋಜನೆ" ಎಂದು ದುಃಖದಲ್ಲಿರುವವರಿಗೆ ಹೇಳುವ ಅಭ್ಯಾಸಕ್ಕೆ ಬೈಬಲಿನ ಯೋಬನ ಗ್ರಂಥದಲ್ಲೇ ತಡೆಯಿದೆ. ಯೋಬ ಒಳ್ಳೆಯವನಾಗಿದ್ದೂ ಎಲ್ಲವನ್ನೂ ಕಳೆದುಕೊಂಡವನು. ಗೆಳೆಯರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಸರಿ. ಕಾರಣ ವಿವರಿಸಲು ಬಾಯಿ ತೆರೆದ ಮೇಲೆ ಕೆಟ್ಟಿತು, 42ನೆಯ ಅಧ್ಯಾಯದಲ್ಲಿ ದೇವರ ಕೋಪ ಬಿದ್ದದ್ದು ಅವರ ಮೇಲೆ. ಮೊದಲ ಎರಡು ಅಧ್ಯಾಯಗಳಲ್ಲಿ ಓದುಗರಿಗೆ ಗೊತ್ತಾಗುವ ಕಾರಣ ಯೋಬನಿಗೆ ಕೊನೆಗೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಹೊಟ್ಟೆ ತುಂಬಿದವರ ಪ್ರಶ್ನೆ ಎಂದರು ಪೆರುವಿನ ಗುಸ್ತಾವೊ ಗುಟಿಯರೆಜ್, ಬಡವರ ಬಿಡುಗಡೆಯನ್ನು ನಡುವಿಗಿಟ್ಟ ವಿಮೋಚನಾ ದೈವಶಾಸ್ತ್ರಕ್ಕೆ 1971ರಲ್ಲಿ ಗ್ರಂಥರೂಪ ಕೊಟ್ಟವರು. ಯುರೋಪಿನ ದೈವಶಾಸ್ತ್ರ ಎದುರಿಗಿಟ್ಟುಕೊಂಡದ್ದು ನಂಬದವನನ್ನು, ಇವರು ಎದುರಿಗಿಟ್ಟುಕೊಂಡದ್ದು ಸಮಾಜ ಮನುಷ್ಯನೆಂದೇ ಎಣಿಸದವನನ್ನು. ಅಂಥವನಿಗೆ ದೇವರ ಪ್ರೀತಿಯ ಮಾತು ಹೇಳುವುದು ಹೇಗೆ? ಭಾರತದ ದಲಿತ ದೈವಶಾಸ್ತ್ರ ಕೂಡ ಈ ಬಗೆಯ ಪ್ರಶ್ನೆಯನ್ನೇ ಜಾತಿಯ ನೆಲದಲ್ಲಿ ನಿಂತು ಕೇಳಿತು.

ಓದಲು ಹೊರಡುವವರು ಬಾರ್ತ್ ಅವರ ಹದಿಮೂರು ಸಂಪುಟಗಳ ಮಹಾಗ್ರಂಥದಿಂದ ಶುರುಮಾಡಬೇಡಿ. ಅದನ್ನು ಬರೆದು ಮುಗಿಸಲು ಅವರಿಗೇ ಆಗಲಿಲ್ಲ. ಬೋನ್‌ಹೋಫರ್ ಅವರ ಜೈಲಿನ ಪತ್ರಗಳನ್ನು 1944ರ ಏಪ್ರಿಲ್ 30ರ ಪತ್ರದಿಂದ ಹಿಡಿಯಿರಿ, ಆಮೇಲೆ ಟಿಲಿಕ್ ಅವರ ಪ್ರಸಂಗಗಳು, ಉಪನ್ಯಾಸಗಳು ಅದಾದ ಮೇಲೆ. ಜೊತೆಗೆ ಬೈಬಲಿನ ಹನ್ನೆರಡೇ ಅಧ್ಯಾಯಗಳ ಪ್ರಸಂಗಿ ಗ್ರಂಥವನ್ನು ಒಂದೇ ಪಟ್ಟಿಗೆ ಓದಿ. ತುಂಡು ತುಂಡಾಗಿ ಓದಿದರೆ "ವ್ಯರ್ಥವೇ ವ್ಯರ್ಥ" ಎಂಬುದಷ್ಟೇ ಕಿವಿಯಲ್ಲಿ ಉಳಿದು, ಉಂಡು ಕುಡಿದು ಮಾಡುವ ಕೆಲಸದಲ್ಲಿ ಸಂತೋಷಪಡು ಎಂದು ಅದು ಮತ್ತೆ ಮತ್ತೆ ಹೇಳುವುದು ತಪ್ಪಿಹೋಗುತ್ತದೆ.

ನಮಸ್ಕಾರ.