ಸೇತುವೆ ಕಂಬದ ಚಿತ್ರಗಳಿಗೆ ಮರುಬಣ್ಣ ಹಚ್ಚುವ ಹಕ್ಕು ಯಾರದು?

ಮಾನ್ಯ ಅಧ್ಯಕ್ಷರೇ, ಕಲಾವಿದ ಮಿತ್ರರೇ,

ಊರ ಜನ ಸೇರಿ ಬರೆದ ಭಿತ್ತಿಚಿತ್ರ ಮಾಸಿದಾಗ ಅದನ್ನು ಸರಿಪಡಿಸಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಸೇತುವೆಯ ಅಡಿಯಲ್ಲಿರುವ ಚಿಕಾನೊ ಪಾರ್ಕ್ ಎಂಬ ಉದ್ಯಾನ ನಮ್ಮ ಮುಂದಿಡುವಷ್ಟು ಸ್ಪಷ್ಟವಾಗಿ ಬೇರೆ ತಾಣಗಳು ಇಡಲಾರವು ಎಂದು ನಾನು ನಂಬಿದ್ದೇನೆ.

ಈ ಉದ್ಯಾನವಿರುವ ಬ್ಯಾರಿಯೋ ಲೋಗನ್ ಮೆಕ್ಸಿಕನ್ ಮೂಲದ, ಅಂದರೆ ಚಿಕಾನೊ, ದುಡಿಯುವ ಜನರ ಬಡಾವಣೆ. 1960ರ ದಶಕದಲ್ಲಿ ಹೆದ್ದಾರಿಯೊಂದು ಅದನ್ನು ಸೀಳಿಕೊಂಡು ಹೋಯಿತು. 1969ರಲ್ಲಿ ಸಂಚಾರಕ್ಕೆ ತೆರೆದ ಕೊರೊನಾಡೊ ಸೇತುವೆಯ ಕಂಬಗಳು ಉಳಿದ ಮನೆಗಳ ನಡುವೆಯೇ ಎದ್ದವು. ಸೇತುವೆಯ ಅಡಿಯಲ್ಲಿ ಉದ್ಯಾನ ಬರುತ್ತದೆಂದು ಕಾದಿದ್ದ ಜನರಿಗೆ 1970ರ ಏಪ್ರಿಲ್ 22ರಂದು ಕಂಡದ್ದು ಹೆದ್ದಾರಿ ಪೊಲೀಸರ ಕಟ್ಟಡಕ್ಕಾಗಿ ನೆಲ ಸಮತಟ್ಟು ಮಾಡುತ್ತಿದ್ದ ಬುಲ್ಡೋಜರ್‌ಗಳು. ನಿವಾಸಿಗಳು, ವಿದ್ಯಾರ್ಥಿಗಳು ಯಂತ್ರಗಳಿಗೆ ಅಡ್ಡನಿಂತರು; ಹನ್ನೆರಡು ದಿನ ಜಾಗ ಬಿಟ್ಟು ಕದಲದೆ, ಗಿಡ ನೆಟ್ಟು, ಉದ್ಯಾನದ ಭರವಸೆ ಪಡೆದೇ ತೀರಿದರು. ಕಂಬಗಳ ಮೇಲೆ ಚಿತ್ರ ಮೂಡಬೇಕೆಂಬ ಕಲಾವಿದ ಸಾಲ್ವಡಾರ್ ಟೊರೆಸ್ ಅವರ ಕನಸು 1973ರಿಂದ ಕೈಗೂಡತೊಡಗಿತು.

ಬಯಲಿನ ಕಾಂಕ್ರೀಟಿಗೆ ಬಳಿದ ಬಣ್ಣಕ್ಕೆ ಶತ್ರುಗಳು ಹಲವು. ಬಿಸಿಲಿಗೆ ಎಲ್ಲ ಬಣ್ಣಗಳೂ ಒಂದೇ ಪ್ರಮಾಣದಲ್ಲಿ ಮಾಸುವುದಿಲ್ಲ: ಕಾವಿಯಂಥ ಮಣ್ಣಿನ ಬಣ್ಣಗಳು ತಾಳಿಕೊಳ್ಳುತ್ತವೆ, ಹೊಳಪಿನ ಕೆಲವು ಕೆಂಪು ಹಳದಿಗಳು ಬೇಗನೆ ಸೋಲುತ್ತವೆ, ಹೀಗಾಗಿ ಚಿತ್ರದ ಒಟ್ಟು ಸಮತೋಲವೇ ಕೆಡುತ್ತದೆ. ಕಾಂಕ್ರೀಟಿನೊಳಗೆ ಇಳಿದ ನೀರು ಉಪ್ಪನ್ನು ಕರಗಿಸಿಕೊಂಡು ಹೊರಬಂದು, ಆರುವಾಗ ಆ ಉಪ್ಪು ಬಣ್ಣದ ಪದರದ ಹಿಂದೆ ಹರಳುಗಟ್ಟುತ್ತದೆ. ಪದರ ಉಬ್ಬಿ, ಬಿರಿದು, ಹೊಪ್ಪಳೆಯಾಗಿ ಉದುರುತ್ತದೆ. ನೀರಿನ ದಾರಿಯನ್ನು ಮುಚ್ಚದೆ ಮೇಲೆ ಎಷ್ಟೇ ಬಣ್ಣ ಹಚ್ಚಿದರೂ ಅದು ವ್ಯರ್ಥ. ಆದ್ದರಿಂದ ಕುಂಚಕ್ಕಿಂತ ಮೊದಲು ಛಾಯಾಚಿತ್ರದ ದಾಖಲೆ, ಮೃದುವಾದ ತೊಳೆತ, ಬಿರುಕು ತುಂಬುವಿಕೆ, ಸಡಿಲಗೊಂಡ ಪದರವನ್ನು ಅಂಟಿಸಿ ನಿಲ್ಲಿಸುವ ಕೆಲಸ ಆಗಬೇಕು.

ಇದೆಲ್ಲ ತಜ್ಞರ ವಿದ್ಯೆ. ಆದರೆ 2011-12ರಲ್ಲಿ ಇಲ್ಲಿ ದೊಡ್ಡ ಪ್ರಮಾಣದ ಜೀರ್ಣೋದ್ಧಾರ ನಡೆದಾಗ, ಮೂಲ ಕಲಾವಿದರಲ್ಲಿ ಅನೇಕರು ತಾವೇ ಬರೆದಿದ್ದ ಕಂಬಗಳಿಗೆ ಮರಳಿ ಬಂದು ಕುಂಚ ಹಿಡಿದರು. 1977ರ ಒಂದು ಚಿತ್ರವನ್ನು ನೋಡಿ. ಬಡಾವಣೆಗೆ ನುಗ್ಗಿದ್ದ ಗುಜರಿ ಅಂಗಳಗಳ ವಿರುದ್ಧ ನೆರೆಹೊರೆಯವರು ಫಲಕ ಹಿಡಿದು ನಿಂತ ದೃಶ್ಯ ಅದು. ‘ಓಣಿ ಬೇಕು, ಗುಜರಿ ಬೇಡ’ ಎಂಬುದು ಅದರ ಘೋಷಣೆ. ಇಂಥ ಚಿತ್ರದಲ್ಲಿ ಮಸುಕಾದ ಮುಖವೊಂದನ್ನು ತಿದ್ದುವ ಅಪರಿಚಿತ ಕುಶಲಕರ್ಮಿ ಮೂಗು ಕಣ್ಣನ್ನು ಅಚ್ಚುಕಟ್ಟಾಗಿ ಮೂಡಿಸಬಲ್ಲ. ಆ ಹೋರಾಟದಲ್ಲಿ ನಿಂತವರ ನಿಲುವು, ಸಿಟ್ಟು ಹೇಗಿದ್ದವೆಂದು ಮಾತ್ರ ಆ ಓಣಿಯವರನ್ನೇ ಕೇಳಬೇಕು.

ಸಂರಕ್ಷಣಾ ಶಾಸ್ತ್ರವು ಮೂಲ ಬಣ್ಣವನ್ನು ಆದಷ್ಟು ಕಡಿಮೆ ಮುಟ್ಟಬೇಕು, ಮುಟ್ಟಿದ್ದನ್ನು ಮತ್ತೆ ತೆಗೆಯುವಂತಿರಬೇಕು ಎನ್ನುತ್ತದೆ. ಪುರಾತನ ದೇಗುಲದ ಛಾವಣಿಯ ಚಿತ್ರಕ್ಕೆ ಈ ನಿಯಮವನ್ನು ನಾನು ಎರಡು ಮಾತಿಲ್ಲದೆ ಒಪ್ಪುತ್ತೇನೆ. ಬರೆದವರು ಬದುಕಿರುವ, ಜನ ದಿನವೂ ಅಡಿಯಲ್ಲಿ ಓಡಾಡುವ ಕಂಬಕ್ಕೆ ಅದನ್ನು ಹಾಗೆಯೇ ಅನ್ವಯಿಸಿದರೆ, ಬಣ್ಣದ ಹಳೆಯ ಕಣಗಳು ಉಳಿದು ಚಿತ್ರದ ದನಿ ಅಡಗುವ ಅಪಾಯವಿದೆ. ಅಲ್ಲಿ ಮರುಬಣ್ಣ ತಪ್ಪಲ್ಲ. ಆದರೆ ಏನು ಬದಲಾಯಿತು, ಯಾರ ಒಪ್ಪಿಗೆಯಿಂದ ಬದಲಾಯಿತು ಎಂಬುದು ದಾಖಲಾಗಲೇಬೇಕು. ಈ ವಿಷಯದಲ್ಲಿ ಕಲಾವಿದರಿಗೂ ರಿಯಾಯಿತಿ ಸಲ್ಲದು.

ಒಪ್ಪಿಗೆ ಕೇಳುವುದಕ್ಕೆ ಒಂದು ವೇದಿಕೆಯೂ ಬೇಕು. ಕಂಬಗಳು ರಾಜ್ಯದ ಸಾರಿಗೆ ಇಲಾಖೆಯ ಸ್ವತ್ತಾದರೂ, 1970ರ ಹೋರಾಟದಿಂದ ಹುಟ್ಟಿದ ಚಿಕಾನೊ ಪಾರ್ಕ್ ಸ್ಟೀರಿಂಗ್ ಕಮಿಟಿ ಜನರ ಪರವಾಗಿ ಇಂದಿಗೂ ಮಾತನಾಡುತ್ತದೆ. ಉದ್ಯಾನಕ್ಕೆ ಈಗ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆಯೂ ಇದೆ. ಮಾನ್ಯತೆಯ ಫಲಕವೇನೂ ಸೋರಿಕೆಯನ್ನು ತಡೆಯುವುದಿಲ್ಲ. ದಶಕಗಳಿಗೊಮ್ಮೆ ದೊಡ್ಡ ಮೊತ್ತ ಸುರಿಯುವ ಬದಲು, ಪ್ರತಿ ವರ್ಷ ಕಂಬಗಳನ್ನು ಪರಿಶೀಲಿಸಿ, ತೊಳೆದು, ಸಣ್ಣ ಬಿರುಕನ್ನು ಅಂದೇ ಮುಚ್ಚಲು ಒಂದಿಷ್ಟು ಹಣವನ್ನು ಮೀಸಲಿಟ್ಟು, ಆ ಕೆಲಸಕ್ಕೆ ಬಡಾವಣೆಯ ಯುವಜನರನ್ನೇ ಸಂಬಳ ಕೊಟ್ಟು ತರಬೇತುಗೊಳಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.