ಕೆಂಪು ಧೂಳು ತೋರಿಸಿದ ಮೂಲೆ: ನನ್ನ ಎಲೆಕ್ಟ್ರಿಕ್ ಕಾರಿನ ಎಸಿ ತಂಪು ಕಳೆದುಕೊಂಡಾಗ

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವ ಈ ಥರ್ಮಾಮೀಟರನ್ನು ನನ್ನ ಎಲೆಕ್ಟ್ರಿಕ್ ಕಾರಿನ ನಡುವಿನ ಎಸಿ ಕಿಂಡಿಗೆ ಸಿಕ್ಕಿಸಿದ್ದೇನೆ. ಅದು ತೋರಿಸುತ್ತಿರುವುದು 21 ಡಿಗ್ರಿ. ಕಳೆದ ಬೇಸಿಗೆಯಲ್ಲಿ ಇದೇ ಕಿಂಡಿಯಿಂದ 9 ಡಿಗ್ರಿಯ ಗಾಳಿ ಬರುತ್ತಿತ್ತು. ಬಳ್ಳಾರಿಯ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಆದರೆ ಹೊಸಪೇಟೆಯಿಂದ ಸುಮಾರು 60 ಕಿಲೋಮೀಟರ್ ದೂರ ಹಿಂದಿನ ಸೀಟಿನಲ್ಲಿ ಕುಳಿತು ಬಂದ ನನ್ನ ತಾಯಿ, ದಾರಿಯುದ್ದಕ್ಕೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು, ಮನೆ ತಲುಪಿದ ಕೂಡಲೇ ಏನೂ ಮಾತಾಡದೆ ಫ್ಯಾನಿನ ಕೆಳಗೆ ಮಲಗಿದ್ದನ್ನು ನೋಡಿದ ಮೇಲೆ ನಾನು ಸುಮ್ಮನಿರಲಾಗಲಿಲ್ಲ.

ಪೆಟ್ರೋಲ್ ಕಾರಿನ ಅನುಭವ ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಅಲ್ಲಿ ಎಸಿ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರನ್ನು ಎಂಜಿನ್ನಿನ ಬೆಲ್ಟ್ ತಿರುಗಿಸುತ್ತದೆ, ಹಲವು ಕಾರುಗಳಲ್ಲಿ ಎಸಿ ಹಾಕಿದಾಗ ಕ್ಲಚ್ ಹಿಡಿಯುವ ಟಕ್ ಎಂಬ ಸದ್ದೂ ಕೇಳುತ್ತದೆ. ಇಲ್ಲಿ ಬೆಲ್ಟೂ ಇಲ್ಲ, ಆ ಸದ್ದೂ ಇಲ್ಲ. ಕಂಪ್ರೆಸರಿನೊಳಗೇ ಮೋಟಾರ್ ಇದ್ದು, ಅದು ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯಿಂದಲೇ ನೂರಾರು ವೋಲ್ಟಿನ ವಿದ್ಯುತ್ತನ್ನು ಪಡೆಯುತ್ತದೆ. ಬಾನೆಟ್ ತೆಗೆದಾಗ ಕಾಣುವ ಈ ಕಿತ್ತಳೆ ಬಣ್ಣದ ಕೇಬಲ್‌ಗಳು ಅದಕ್ಕೆ ಸೇರಿದವು. ಇವನ್ನು ನಾನು ಮುಟ್ಟಿಲ್ಲ. ದಯವಿಟ್ಟು ನೀವೂ ಮುಟ್ಟಬೇಡಿ.

ಮೊದಲು ನನ್ನ ಅನುಮಾನ ಹೋದದ್ದು ಚಾರ್ಜಿಂಗ್ ಕಡೆಗೆ. ನನ್ನ ಕಾರಿನಂತಹ ಅನೇಕ ಇವಿಗಳಲ್ಲಿ, ಅಂದರೆ ಎಲೆಕ್ಟ್ರಿಕ್ ವಾಹನಗಳಲ್ಲಿ, ಒಳಗಿನವರನ್ನು ತಂಪಾಗಿಡುವ ಗ್ಯಾಸೇ ಬ್ಯಾಟರಿಯನ್ನೂ ತಂಪಾಗಿಡಬೇಕು. ಬಿಸಿಲಿನಲ್ಲಿ ಫಾಸ್ಟ್ ಚಾರ್ಜರಿಗೆ ಹಾಕಿದಾಗ ಬ್ಯಾಟರಿಗೆ ಮೊದಲ ಪಾಲು ಹೋಗುವುದರಿಂದ ಒಳಗೆ ತಂಪು ಕಡಿಮೆಯಾಗುವುದು ದೋಷವಲ್ಲ. ಆದ್ದರಿಂದ ರಾತ್ರಿ ಮನೆಯಲ್ಲಿ ನಿಧಾನವಾಗಿ ಚಾರ್ಜ್ ಮಾಡಿ, ಬೆಳಿಗ್ಗೆ ಚಾರ್ಜರ್ ತೆಗೆದು ಕಾರು ಓಡಿಸಿ ನೋಡಿದೆ. ಬೆಳಗಿನ ಹೊತ್ತು ಪರವಾಗಿಲ್ಲ ಎನಿಸಿದ್ದು ಹನ್ನೊಂದು ಗಂಟೆಯ ಹೊತ್ತಿಗೆ ಮತ್ತೆ 20 ದಾಟಿತು. ಗಾಳಿಯ ರಭಸದಲ್ಲಿ ಕೊರತೆ ಇರಲಿಲ್ಲ, ಹಾಗಾಗಿ ಗ್ಲೋವ್ ಬಾಕ್ಸಿನ ಹಿಂದಿರುವ ಫಿಲ್ಟರನ್ನು ಒಮ್ಮೆ ತೆಗೆದು ನೋಡಿ ಹಾಗೆಯೇ ಇಟ್ಟೆ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ರೀಡರ್ ಸಿಕ್ಕಿಸಿದಾಗ ಕಂಪ್ರೆಸರ್ ನಿಮಿಷಕ್ಕೆ 5,000 ಸುತ್ತು ಮೀರಿ ತಿರುಗುತ್ತಿರುವುದು ಕಂಡಿತು. ಅಂದರೆ ಕಂಪ್ರೆಸರ್ ಕೈಕೊಟ್ಟಿರಲಿಲ್ಲ. ಅದು ಬೆವರು ಸುರಿಸಿ ದುಡಿಯುತ್ತಿತ್ತು, ಫಲ ಮಾತ್ರ ಸಿಗುತ್ತಿರಲಿಲ್ಲ.

ಈಗ ಕಾರಿನ ಮುಂಭಾಗ ನೋಡಿ. ಬಂಪರಿನ ಹಿಂದಿರುವ ಈ ಜಾಲರಿಯಂಥದ್ದೇ ಕಂಡೆನ್ಸರ್. ಒಳಗಿನಿಂದ ಹೊತ್ತು ತಂದ ಶಾಖವನ್ನು ಗ್ಯಾಸ್ ಇಲ್ಲಿ ಹೊರಗಿನ ಗಾಳಿಗೆ ಬಿಟ್ಟುಕೊಡುತ್ತದೆ. ತೋರಣಗಲ್ಲಿನ ದಾರಿಯಲ್ಲಿ ಅದಿರು ಲಾರಿಗಳ ಹಿಂದೆ ಓಡಾಡುವ ನಮ್ಮ ಕಡೆಯ ಯಾವ ಕಾರಿನಲ್ಲೂ ಇದು ಕೆಂಪಾಗಿಯೇ ಇರುತ್ತದೆ. ಕಾರಣ ಸಿಕ್ಕಿತೆಂದು ಖುಷಿಯಾಗಿ, ಜಾಲರಿಯ ತೆಳು ತಗಡಿನ ರೆಕ್ಕೆಗಳು ಮಡಚದಂತೆ ಕಡಿಮೆ ಒತ್ತಡದ ನೀರಿನಿಂದ ನಿಧಾನವಾಗಿ ತೊಳೆದೆ. ಥರ್ಮಾಮೀಟರ್ 21ರಿಂದ 18ಕ್ಕೆ ಇಳಿಯಿತು, ಅಷ್ಟೇ.

ಮರುದಿನ ಪೇಟೆಯ ಎಸಿ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅನುಭವಸ್ಥರು, ಸಜ್ಜನರು. ಎಸಿ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಒತ್ತಡ ಅಳೆಯುವ ಗೇಜ್ ಹಾಕಿ ನೋಡಿ, "ಸರ್, ಪ್ರೆಶರ್ 115 ಐತಿ, ಗ್ಯಾಸ್ ಬರೋಬರಿ ಐತಿ, ಕಂಪ್ರೆಸರಿಗೆ ಒಂಚೂರು ಆಯಿಲ್ ಹಾಕಿ ನೋಡೋಣ" ಎಂದರು. ಇಲ್ಲಿ ಎರಡು ವಿಷಯಗಳನ್ನು ಬಿಡಿಸಿ ಹೇಳಬೇಕು. ನಿಂತ ಕಾರಿನಲ್ಲಿ ಒಳಗೆ ಒಂದಿಷ್ಟು ದ್ರವರೂಪದ ಗ್ಯಾಸ್ ಉಳಿದಿರುವವರೆಗೂ ಗೇಜ್ ಹೇಳುವುದು ಉಷ್ಣಾಂಶವನ್ನೇ ಹೊರತು ಪ್ರಮಾಣವನ್ನಲ್ಲ. 35 ಡಿಗ್ರಿಯಲ್ಲಿ ಈ ಎಸಿಯ ಆರ್-134ಎ ಗ್ಯಾಸಿನ ಒತ್ತಡ ಗೇಜಿನಲ್ಲಿ ಸುಮಾರು 115 ಪಿಎಸ್‌ಐ (ಒತ್ತಡದ ಅಳತೆ). ಒಳಗಿನ ಗ್ಯಾಸ್ ಅರ್ಧ ಖಾಲಿಯಾಗಿದ್ದರೂ ಅಷ್ಟೇ, ತುಂಬಿದ್ದರೂ ಅಷ್ಟೇ. ಇನ್ನು ಎಣ್ಣೆಯ ಮಾತು. ಬೆಲ್ಟ್ ಕಂಪ್ರೆಸರ್‌ಗಳಿಗೆ ಸಾಮಾನ್ಯವಾಗಿ ಬಳಸುವ ಪಿಎಜಿ ಎಣ್ಣೆ ಬೇರೆ, ನನ್ನ ಕಂಪ್ರೆಸರಿಗೆ ಬೇಕಾದ ಪಿಒಇ ಎಣ್ಣೆ ಬೇರೆ. ಇಲ್ಲಿ ಮೋಟಾರಿನ ಸುರುಳಿಗಳನ್ನೇ ಎಣ್ಣೆ ತೋಯಿಸುತ್ತಿರುವುದರಿಂದ ಅದು ವಿದ್ಯುತ್ತನ್ನು ತಡೆಯುವಂಥದ್ದಾಗಿರಬೇಕು. ತಪ್ಪು ಎಣ್ಣೆ ಬೆರೆತರೆ ಇನ್ಸುಲೇಶನ್ ಕುಗ್ಗಿ ಇಡೀ ಕಾರು ದೋಷ ಸೂಚಿಸಿ ನಿಂತುಬಿಡಬಹುದು. ಅವರಿಗೆ ವಂದಿಸಿ, ಏನನ್ನೂ ಹಾಕಿಸದೆ ಹಿಂದಿರುಗಿದೆ.

ಹತ್ತು ದಿನಗಳ ನಂತರದ ದೃಶ್ಯ ಇದು. ತೊಳೆದ ದಿನದ ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಕಂಡೆನ್ಸರಿನ ಮೇಲೆಲ್ಲ ತೆಳುವಾಗಿ ಹೊಸ ಧೂಳು ಕೂತಿದೆ. ಎಡಗಡೆಯ ಕೆಳಮೂಲೆಯಲ್ಲಿ ಮಾತ್ರ ಅಂಗೈಯಗಲ ಜಾಗದಲ್ಲಿ ಅದು ಕುಂಕುಮ ಕಲಸಿದಂತೆ ಗಾಢವಾಗಿ ಮೆತ್ತಿಕೊಂಡಿದೆ. ಬೆರಳಿಟ್ಟರೆ ಜಿಡ್ಡು. ಗ್ಯಾಸ್ ಸೋರುವಾಗ ತನ್ನ ಜೊತೆ ಸ್ವಲ್ಪ ಎಣ್ಣೆಯನ್ನೂ ಹೊರಗೆ ತರುತ್ತದೆ, ಆ ಎಣ್ಣೆಗೆ ಧೂಳು ಅಂಟುತ್ತದೆ. ಅಪರಾಧಿ ಎಂದುಕೊಂಡು ನಾನು ತೊಳೆದುಹಾಕಿದ ಧೂಳೇ ಸೋರಿಕೆಯ ಜಾಗವನ್ನು ಗುರುತು ಮಾಡಿ ಇಟ್ಟಿತ್ತು.

ಈ ಎರಡು ಚಿತ್ರಗಳನ್ನು ಹಿಡಿದು ಇವಿ ತರಬೇತಿ ಪಡೆದವರಿರುವ ಸರ್ವಿಸ್ ಸೆಂಟರಿಗೆ ಹೋದೆ. ಅವರು ಗ್ಯಾಸನ್ನೆಲ್ಲ ಯಂತ್ರಕ್ಕೆ ಎಳೆದು ತೂಗಿದರು. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ 550 ಗ್ರಾಂ ಎಂದಿತ್ತು, ಬಂದದ್ದು 310. ಸಾರಜನಕ ತುಂಬಿ ಸೋಪಿನ ನೀರು ಹಚ್ಚಿದಾಗ ಅದೇ ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಎದ್ದವು. ಕಲ್ಲು ಸಿಡಿದು ಬಡಿದ ಗುರುತು ಬರಿಗಣ್ಣಿಗೇ ಕಾಣುತ್ತಿತ್ತು. ಹೊಸ ಕಂಡೆನ್ಸರ್, ತೇವ ಹೀರುವ ಹೊಸ ಡ್ರೈಯರ್, ಕಳೆದುಹೋದಷ್ಟು ಪಿಒಇ ಎಣ್ಣೆ, ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯುವ ವ್ಯಾಕ್ಯೂಮ್, ನಂತರ ತೂಗಿ ತುಂಬಿದ 550 ಗ್ರಾಂ ಗ್ಯಾಸ್. ಬೇರಾವ ಭಾಗವನ್ನೂ ಬದಲಿಸಬೇಕಾಗಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಅದೇ ಥರ್ಮಾಮೀಟರ್ 9 ತೋರಿಸುತ್ತಿದೆ. ಕಳೆದ ವಾರ ತಾಯಿ ಹೊಸಪೇಟೆಯಿಂದ ಬರುವಾಗ ದಾರಿಯಲ್ಲಿ ಶಾಲು ಕೇಳಿದರು. ಇವತ್ತು ಬೆಳಿಗ್ಗೆ ಟಾರ್ಚ್ ಹಿಡಿದು ಆ ಎಡಮೂಲೆಯನ್ನು ಮತ್ತೆ ನೋಡಿದೆ. ಧೂಳು ಇದೆ, ಬೆರಳು ತಾಕಿಸಿದರೆ ಒಣಗಿ ಉದುರುತ್ತದೆ.